ಕೆಳಗಿನ ಮಂಚ

ಮಗ್ರಿಬ್ ಆದಮೇಲೆ ಬಂದರು ದಾದಾಪೀರ್ ಚಾಚಾ.
ಚಪ್ಪಲಿ ಬಿಡುತ್ತಲೇ ಕೇಳಿದರು:
ಸಂಬಳ ಎಷ್ಟಂತೆ?
ಸಾವಿರದೆಂಟುನೂರು ದಿರಂ.
ಊಟ? ನಮ್ಮದೇ.
ರೂಮು? ಅದೂ ನಮ್ಮದೇ.
ಹೂಂ, ಅಂದು ಗೋಡೆಗೊರಗಿ ಕೂತರು.

ಹನ್ನೊಂದು ವರ್ಷ ದುಬೈಯಲ್ಲಿ ನೀರಿನ ಟ್ಯಾಂಕರ್ ಓಡಿಸಿದವರು.
ಕಾಗದ ಬೇಡ ಅಂದರು.
ಅಮ್ಮಿ ಆರಿಸಿ ಪಕ್ಕಕ್ಕೆಸೆದ ಕಳಪೆ ಗೂಡು ಒಂದು ಹಿಡಿ ತೆಗೆದು
ಸಿಮೆಂಟು ನೆಲದ ಮೇಲೆ
ಊರು ಹರಡಿದರು.

ಇದು ದೇರಾ, ಇದು ನಾಯಿಫ್.
ಮಂಚಕ್ಕೆ ಆರುನೂರೈವತ್ತು.
ನಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಇದ್ದ ಹಾಗೆ,
ಯಾವ ಹೊತ್ತಿಗೆ ಹೋದರೂ ಯಾರೋ ಯಾರನ್ನೋ ಕೂಗುತ್ತಿರುತ್ತಾರೆ.
ಹೆಣ್ಣುಮಗಳು ನಡೆದರೆ ನೂರು ಕಣ್ಣು.
ನೂರು ಕಣ್ಣಿರೋದಕ್ಕೇ ಭಯ ಇಲ್ಲ ಅನ್ನೋರೂ ಇದ್ದಾರೆ.

ಇದು ಕರಾಮಾ. ಒಂಬೈನೂರು.
ಮಲಯಾಳಿಗಳು ಜಾಸ್ತಿ, ಬೆಳಿಗ್ಗೆ ದೋಸೆ ಸಿಗುತ್ತೆ.
ದೋಸೆ ತಿನ್ನೋಕಾ ಹೋಗ್ತಿರೋದು ಇವಳು? ಅಂದಳು ಅಮ್ಮಿ
ತಲೆ ಎತ್ತದೆ.

ಇನ್ನೊಂದು ಗೂಡನ್ನು ಬಾಗಿಲವರೆಗೂ ಉರುಳಿಸಿದರು.
ಅದು ಶಾರ್ಜಾ, ರೋಲಾ. ಅಗ್ಗ, ಬರೀ ನಾಲ್ಕುನೂರು.
ಆದರೆ ಹೋಗೋಕೆ ಒಂದೂವರೆ ಗಂಟೆ, ಬರೋಕೆ ಎರಡು,
ಇಲ್ಲಿಂದ ದಿನಾ ಯಲಹಂಕಕ್ಕೆ ನಿಂತುಕೊಂಡೇ ಹೋಗಿಬಂದ ಹಾಗೆ.

ನಿನ್ನ ಹೊಲಿಗೆ ಅಂಗಡಿ ಇರೋದು ಸತ್ವಾದಲ್ಲಿ ಅಲ್ಲವಾ ಶಂಶಾದ್?
ಅಲ್ಲೇ ಹಿಂದಿನ ಗಲ್ಲಿ ಹಳೇ ಕಟ್ಟಡಗಳು, ಎಂಟುನೂರು.
ನಡೆದೇ ಹೋಗಬಹುದು.
ತಿಗಣೆ ಇರುತ್ತೆ.
ತಿಗಣೆ ಎಲ್ಲಾ ಕಡೆ ಇರುತ್ತೆ, ಅದಕ್ಕೆ ವೀಸಾ ಬೇಡ.

ಅಬ್ಬಾ ಮೊಬೈಲಿನಲ್ಲಿ ಗುಣಿಸಿದರು, ಇನ್ನೊಮ್ಮೆ ಗುಣಿಸಿದರು.
ಈ ಮನೆಯ ಆರು ತಿಂಗಳ ಬಾಡಿಗೆ!
ಒಂದು ಮಂಚಕ್ಕಾ?
ಮಂಚಕ್ಕೇ. ಮೇಲೊಬ್ಬಳು, ಕೆಳಗೊಬ್ಬಳು,
ಕೋಣೆಗೆ ಎಂಟು ಜನ.
ಒಬ್ಬೊಬ್ಬರಿಗೆ ಆರಡಿ ಮೂರಡಿ.
ತೋಬಾ, ಬೇರೆ ಅಳತೆ ಹೇಳಿ, ಅಂದಳು ಅಮ್ಮಿ. ಅವಳ ಕೈ ನಿಂತಿತ್ತು.
ಹೊಸಿಲಲ್ಲಿ ಕೂತಿದ್ದ ಆವಲಮ್ಮ, ಹುಳ ಸಾಕೋ ಮನೆಯವಳು,
ಪಾಪ, ಚಂದ್ರಿಕೆಗೆ ಬಿಟ್ಟ ಹಾಗೆ, ಅಂದಳು.

ನಾನು ಮಾತಾಡಲಿಲ್ಲ.
ಇಪ್ಪತ್ತಾರು ವರ್ಷ ನಾನು ಮಲಗಿರೋದು
ಟ್ರಂಕಿಗೂ ತಂಗಿಗೂ ನಡುವೆ.
ಮಗ್ಗುಲು ಬದಲಿಸೋಕೆ ಅವಳನ್ನು ಎಬ್ಬಿಸಬೇಕು.
ನೆಂಟರು ಬಂದರೆ ನನ್ನ ಚಾಪೆ ಅಡುಗೆಮನೆಗೆ,
ರೇಟು ಇಳಿದು ಗೂಡು ಉಳಿದರೆ
ನನ್ನ ಜಾಗದಲ್ಲಿ ಮೂಟೆ.

ಚಾಚಾ, ಅಂದೆ,
ಮಂಚಕ್ಕೆ ಪರದೆ ಕಟ್ಟಬಹುದಾ?
ಕಟ್ಟುತ್ತಾರೆ, ಎಲ್ಲರೂ.
ಯಾವ ಬಣ್ಣದ್ದು?

ಅವರು ನನ್ನನ್ನೇ ನೋಡಿದರು.
ನಾನು ಕಟ್ಟಲೇ ಇಲ್ಲಮ್ಮ, ಅಂದರು,
ನಾಳೆ ವಾಪಸ್ ಹೋಗೋನಿಗೆ ಪರದೆ ಯಾಕೆ ಅಂತ
ಹನ್ನೊಂದು ವರ್ಷ.

ಆಮೇಲೆ ಗಂಟಲು ಸರಿ ಮಾಡಿಕೊಂಡು:
ಕೆಳಗಿನ ಮಂಚ ಕೇಳು. ಐವತ್ತು ಜಾಸ್ತಿ ಆದರೂ ಕೇಳು.
ಮೇಲಿದ್ದರೆ ಏಸಿ ಗಾಳಿ ನೇರ ತಲೆಗೆ.
ಕೆಳಗಿದ್ದರೆ ಪೆಟ್ಟಿಗೆ ಅಡಿಗೆ ಹೋಗುತ್ತೆ.
ಬಟ್ಟೆ ಎಲ್ಲಿ ಒಣಗಿಸುತ್ತಾರೆ, ನೋಡದೆ ಅಡ್ವಾನ್ಸ್ ಕೊಡಬೇಡ.
ಜೂನಲ್ಲಿ ನಲ್ಲಿ ನೀರು ಕೈ ಸುಡುತ್ತೆ,
ರಾತ್ರಿಯೇ ಬಕೆಟ್ ತುಂಬಿಸಿಡು.

ಅಮ್ಮಿ ನನ್ನ ಕೈ ಹಿಡಿದು ದೀಪಕ್ಕೆ ತೋರಿಸಿದಳು,
ನೂಲು ತೆಗೆದು ತೆಗೆದು ಬೆಂದು ಬಿಳಿಚಿದ ಬೆರಳು.
ಇವಳಿಗೆ ಬಿಸಿನೀರು ಹೇಳಿಕೊಡ್ತೀರಾ?

ಅವರು ಹೋದಮೇಲೆ ಅಬ್ಬಾ ಊರನ್ನು ಗುಡಿಸಿ ಬುಟ್ಟಿಗೆ ಹಾಕಿದರು,
ಕಳಪೆಗೂ ಕಿಲೋಗಿಷ್ಟು ಅಂತ ಇದೆ.
ರೋಲಾ ಸಿಗಲಿಲ್ಲ.
ಬೆಳಿಗ್ಗೆ ಅವರ ಚಪ್ಪಲಿಗೇ ಅಂಟಿತ್ತು.

ಆ ರಾತ್ರಿ ನಾನು
ಕ್ಯಾಲೆಂಡರಿನ ಮೊಳೆಯಿಂದ ಕಿಟಕಿ ಸರಳಿಗೆ
ಹಸಿರು ದುಪಟ್ಟಾ ಕಟ್ಟಿ ಒಳಗೆ ಮಲಗಿದೆ.
ತಂಗಿ ಕೇಳಿದಳು: ಯಾರಾದರೂ ಬರ್ತಾರಾ?
ಇಲ್ಲ, ನೋಡ್ತಿದೀನಿ, ಅಂದೆ.
ಏನು?
ಸುಮ್ಮನೆ ಮಲಗು.
ಬಟ್ಟೆಯ ಆ ಕಡೆ ತುಂಬ ಹೊತ್ತು
ಅವಳಿಗೂ ನಿದ್ದೆ ಇರಲಿಲ್ಲ.